ಹಿಂದುಮುಂದಾದ ಎನ್

ಮೂರು ರಾತ್ರಿಗಳಿಂದ ಒಂದೇ ನಕ್ಷೆ ನೋಡುತ್ತ ಕೂತಿದ್ದೇನೆ. 1482ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಲೀನ್‌ಹಾರ್ಟ್ ಹೊಲ್ಲೆ ಅಚ್ಚು ಹಾಕಿದ, ಪ್ರಾಚೀನ ವಿದ್ವಾಂಸ ಟಾಲೆಮಿಯ ಭೂಗೋಳ ಗ್ರಂಥದ ಪ್ರಪಂಚ ನಕ್ಷೆ. ಮೂಲ ಹಾಳೆ ಮುಟ್ಟುವ ಭಾಗ್ಯ ನನಗಿಲ್ಲ. ಸ್ಕ್ಯಾನ್ ಮಾಡಿದ ಚಿತ್ರವನ್ನೇ ಪರದೆಯ ಮೇಲೆ ಹಿಗ್ಗಿಸಿಕೊಂಡು, ಮೂಲೆಯಿಂದ ಮೂಲೆಗೆ ಅಂಗುಲ ಅಂಗುಲವಾಗಿ ಸರಿಸುತ್ತ ಹೋಗುತ್ತೇನೆ.

ಮೊದಲು ಕಣ್ಣಿಗೆ ಬೀಳುವುದು ಗಾಢ ನೀಲಿ ಸಮುದ್ರ, ಸುತ್ತ ಕೆನ್ನೆ ಉಬ್ಬಿಸಿ ಊದುವ ಗಾಳಿಯ ಮುಖಗಳು. ಇದು ಮರದಚ್ಚು. ಗೆರೆ ಬೇಕಾದ ಕಡೆ ಮರ ಉಳಿಸಿ, ಮಿಕ್ಕದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಉಳಿದ ಉಬ್ಬುಗೆರೆಗೆ ಮಸಿ ಹಚ್ಚಿ ಕಾಗದ ಒತ್ತಿದರೆ ಕಪ್ಪು ಗೆರೆ ಮಾತ್ರ ಮೂಡುತ್ತದೆ. ಬಣ್ಣ ಆಮೇಲೆ ಕುಂಚದಿಂದ ಬಳಿದದ್ದು. ಅದಕ್ಕೇ ಅಲ್ಲಲ್ಲಿ ನೀಲಿ ದಡ ದಾಟಿ ನೆಲದ ಮೇಲೆ ಹರಿದಿರುತ್ತದೆ. ತಾಮ್ರದ ತಗಡಿನಲ್ಲಿ ಗೀರಿದ ನಕ್ಷೆಯಾದರೆ ಗೆರೆ ಕೂದಲೆಳೆಯಷ್ಟು ಸಣ್ಣಗಾಗುತ್ತ ಮುಗಿಯಬಹುದು. ಇಲ್ಲಿ ಹಾಗಲ್ಲ, ಗೆರೆ ದಪ್ಪಗೆ ಬಂದು ಮೊಂಡಾಗಿ ನಿಲ್ಲುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಅಕ್ಷರ. ಲ್ಯಾಟಿನ್ ಹೆಸರುಗಳಲ್ಲಿ ಬರುವ ದೊಡ್ಡಕ್ಷರದ ಎನ್ ಹಿಂದುಮುಂದಾಗಿದೆ! ಎರಡು ಕಂಬಗಳ ನಡುವಿನ ಓರೆಗೆರೆ ಎಡತುದಿಯಿಂದ ಬಲಕ್ಕೆ ಇಳಿಯಬೇಕಿತ್ತು. ಇಲ್ಲಿ ಬಲತುದಿಯಿಂದ ಎಡಕ್ಕೆ ಇಳಿದಿದೆ. ಒಂದು ಕಡೆಯಾದರೆ ಕೈತಪ್ಪು ಎನ್ನಬಹುದಿತ್ತು, ಇದು ಮತ್ತೆ ಮತ್ತೆ ಬರುತ್ತದೆ.

ಹಲಗೆ ಕೆತ್ತಿದವನು ಯೋಹಾನೆಸ್ ಶ್ನಿಟ್ಸರ್, ಆರ್ಮ್ಸ್‌ಹೈಮ್ ಊರಿನವನು. ಶ್ನಿಟ್ಸರ್ ಎಂದರೇ ಕೆತ್ತುವವನು. ನಕ್ಷೆಯ ಮೇಲಂಚಿನಲ್ಲಿ ತನ್ನ ಹೆಸರನ್ನು ಕೆತ್ತಿಟ್ಟಿದ್ದಾನೆ. ಹಲಗೆಯಲ್ಲಿದ್ದದ್ದು ಕಾಗದದ ಮೇಲೆ ಎಡಬಲ ತಿರುಗಿ ಮೂಡುತ್ತದೆ. ಇಂಥ ಕಸುಬುದಾರ ಅದಕ್ಕೆಂದೇ ಇಡೀ ಹಲಗೆಯನ್ನು ಕನ್ನಡಿಯಲ್ಲಿ ಕಂಡಂತೆ ಕೆತ್ತಿ, ಎನ್‌ನಲ್ಲಿ ಮಾತ್ರ ಎಡವಿದ್ದೇಕೆ?

ಉತ್ತರ ಬೇಕೆಂದು ನಾನೇ ರಬ್ಬರ್ ಹಾಳೆಯ ಮೇಲೆ ‘ಇಂಡಿಯಾ’ ಎಂಬುದನ್ನು ಲ್ಯಾಟಿನ್ ಅಕ್ಷರಗಳಲ್ಲಿ ಕೆತ್ತಿದೆ. ಐ ಮತ್ತು ಎ ಕನ್ನಡಿಯಲ್ಲೂ ಹಾಗೇ ಕಾಣುತ್ತವೆ, ಯೋಚನೆ ಬೇಡ. ಡಿ ಹೊಟ್ಟೆ ಯಾವ ಕಡೆ ಎಂದು ನೆನಪಿಟ್ಟು ತಿರುಗಿಸಿದೆ. ಎನ್ ಮಾತ್ರ ಸರಿಯಾಗಿದೆ ಎಂದುಕೊಂಡೇ ಕೆತ್ತಿದೆ, ಅಚ್ಚು ಒತ್ತಿದಾಗ ಉಲ್ಟಾ ಬಂತು. ಎರಡನೇ ಸಲವೂ ಹಾಗೇ ಆಯಿತು. ಆಗ ಹೊಳೆಯಿತು: ಎನ್ ಅನ್ನು ತಲೆಕೆಳಗು ಮಾಡಿದರೂ ಎನ್ ಆಗಿಯೇ ಇರುತ್ತದೆ. ಹೀಗಾಗಿ ಅದು ಐ, ಎ ಜಾತಿಯದೇ, ತಿರುಗಿಸುವುದೇನೂ ಇಲ್ಲ ಎಂದು ಕಣ್ಣು ನಂಬಿಬಿಡುತ್ತದೆ. ಶ್ನಿಟ್ಸರ್‌ಗೆ ಆದದ್ದೂ ಇದೇ ಇರಬೇಕು ಎಂದು ನನ್ನ ಊಹೆ. ಐದೂವರೆ ಶತಮಾನದಾಚೆಯ ಒಬ್ಬ ಮನುಷ್ಯ ಚಾಣ ಹಿಡಿದು ಕೂತದ್ದು ಆ ಓರೆಗೆರೆಯಲ್ಲಿ ನನಗೆ ಕಂಡಂತಾಯಿತು. ಅಷ್ಟು ಹತ್ತಿರಕ್ಕೆ ಬೇರಾವ ನಕ್ಷೆಯೂ ನನ್ನನ್ನು ಕರೆದೊಯ್ದಿರಲಿಲ್ಲ.

ನಕ್ಷೆಯೊಳಗಿನ ಲೋಕ ಎರಡನೇ ಶತಮಾನದ ಟಾಲೆಮಿಯದು. ಹಿಂದೂ ಮಹಾಸಾಗರಕ್ಕೆ ಸುತ್ತಲೂ ನೆಲ, ದೊಡ್ಡ ಕೆರೆಯ ಹಾಗೆ. ಭಾರತ ದಕ್ಷಿಣಕ್ಕೆ ಚೂಪಾಗಿ ಇಳಿಯುವುದೇ ಇಲ್ಲ, ಚಪ್ಪಟೆಯಾಗಿ ಮಲಗಿದೆ. ಅದರ ಪಕ್ಕ ತಪ್ರೊಬಾನ ಎಂಬ ಹೆಸರಿನಲ್ಲಿ ಶ್ರೀಲಂಕಾ ದೈತ್ಯನಂತೆ ನಿಂತಿದೆ. ಅಚ್ಚಾದ ಆರೇ ವರ್ಷಕ್ಕೆ, 1488ರಲ್ಲಿ, ಪೋರ್ಚುಗೀಸ್ ನಾವಿಕ ಬಾರ್ಟೊಲೊಮೆಯು ಡಿಯಾಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಬಂದ. ಮುಚ್ಚಿದ ಸಾಗರ ಅಲ್ಲಿಗೆ ಬಾಯಿಬಿಟ್ಟಿತು. ಉತ್ತರದಲ್ಲಿ ಮಾತ್ರ ನಕ್ಷೆ ಟಾಲೆಮಿಯನ್ನು ಮೀರಿದೆ: ಅವನಿಗೆ ತಿಳಿಯದಿದ್ದ ನಾಡುಗಳು ಹಳೆಯ ಚೌಕಟ್ಟನ್ನು ದಾಟಿ ಮೇಲಕ್ಕೆ ಚಾಚಿವೆ. ಹಳೆಯ ವಿದ್ವಾಂಸನ ಮಾತು ಮೀರುವ ಧೈರ್ಯ ಅಷ್ಟು ಜಾಗದಲ್ಲಾದರೂ ಬಂತಲ್ಲ ಎಂದು ನನಗೆ ಸಂತೋಷ.

ನಿನ್ನೆ ರಾತ್ರಿ 1486ರ ಮುದ್ರಣವನ್ನು ಪಕ್ಕದಲ್ಲಿಟ್ಟು ನೋಡಿದೆ. ಹೊಲ್ಲೆಯ ವ್ಯಾಪಾರ ಕೈಕೊಟ್ಟ ಮೇಲೆ ಯೋಹಾನ್ ರೇಗರ್ ಅವೇ ಹಲಗೆಗಳಿಂದ ತೆಗೆದ ಅಚ್ಚು ಅದು. ಮರದಲ್ಲಿ ಒಂದಕ್ಷರ ತಿದ್ದಬೇಕೆಂದರೆ ಆ ಜಾಗ ಕೊರೆದು, ಬೇರೆ ಮರದ ತುಂಡು ಕೂರಿಸಿ, ಮತ್ತೆ ಕೆತ್ತಬೇಕು. ಎನ್‌ಗಳು ಅಲ್ಲೂ ಹಿಂದುಮುಂದಾಗಿಯೇ ಇವೆ.