ಗಾಡಿ ಬರುವ ಮೊದಲೇ ಬ್ರೀಚ್ ಮಗು ಬಂದರೆ

ತುಂಬು ತಿಂಗಳಲ್ಲಿ ನೂರು ಬಸುರಿಯರಲ್ಲಿ 3-4 ಮಂದಿಗೆ ಮಗುವಿನ ತಲೆ ಮೇಲೆಯೇ ಉಳಿದು ಅಂಡು ಅಥವಾ ಕಾಲು ಕೆಳಗಿರುತ್ತದೆ, ಇದಕ್ಕೇ ಬ್ರೀಚ್ ಎನ್ನುವುದು. 28ನೇ ವಾರದಲ್ಲಿ ಉಲ್ಟಾ ಇದ್ದರೆ ಗಾಬರಿ ಬೇಡ, ಬಹುಪಾಲು ತಾವಾಗಿಯೇ ತಿರುಗುತ್ತವೆ. 36 ವಾರ ದಾಟಿದ ಮೇಲೂ ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ, ತಳ್ಳಿದರೆ ಅತ್ತಿತ್ತ ಆಡುವ ತಲೆ ಕೈಗೆ ಸಿಕ್ಕರೆ ಸ್ಕ್ಯಾನಿಂಗ್‌ಗೆ ಕಳಿಸಿ. ಹೆರಿಗೆ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಆಗಬೇಕು ಎಂದು ಮನೆಯವರಿಗೆ ಅವತ್ತೇ ಹೇಳಿ. ಮನೆಯಲ್ಲಿ ಹೊಟ್ಟೆ ತೀಡಿ ಮಗು ತಿರುಗಿಸಲು ಯಾರಿಗೂ ಬಿಡಬೇಡಿ. ಮಾಸು ಕಿತ್ತುಕೊಂಡು ಒಳಗೇ ರಕ್ತ ಹೋಗಬಹುದು. ಆ ಕೆಲಸ ಸ್ಕ್ಯಾನ್ ನೋಡುತ್ತ, ಮಗುವಿನ ಎದೆಬಡಿತ ಕೇಳುತ್ತ ಡಾಕ್ಟರೇ ಮಾಡುವಂಥದ್ದು.

ಇಷ್ಟಾದರೂ 108 ಬರುವ ಮೊದಲೇ ಅಂಡು ಕಾಣಿಸಿಕೊಳ್ಳುವುದುಂಟು. ಸಬ್‌ಸೆಂಟರಿನ ಹೊಸ ಎಎನ್‌ಎಂಗಳಿಗಾಗಿ (ಹೆರಿಗೆ ನೋಡುವ ಸಹಾಯಕ ನರ್ಸ್‌ಗಳಿಗಾಗಿ) ಇದನ್ನು ಬರೆಯುತ್ತಿದ್ದೇನೆ.

ಕಾಲು ಮುಂದಾಗಿ ಬಂದರೆ ಅಪಾಯ ಹೆಚ್ಚು. ಅಂಡಿನ ಹಾಗೆ ಪಾದ ಗರ್ಭಕೋಶದ ಬಾಯಿಯನ್ನು ತುಂಬಿಕೊಳ್ಳುವುದಿಲ್ಲ, ನೀರು ಒಡೆದ ಕೂಡಲೇ ಸಂದಿಯಲ್ಲಿ ಹೊಕ್ಕುಳಬಳ್ಳಿ ಜಾರಿ ಬರಬಹುದು. ಬಳ್ಳಿ ಕಂಡರೆ ಅದನ್ನು ಹಿಡಿದು ಆಡಿಸಬೇಡಿ. ತಾಯಿಯನ್ನು ಮೊಣಕಾಲೂರಿಸಿ, ಎದೆ ಹಾಸಿಗೆಗೆ ತಾಗಿಸಿ, ಸೊಂಟ ಮೇಲೆತ್ತಿಸಿ, ಹಾಗೆಯೇ ಆಸ್ಪತ್ರೆಗೆ ಹೊರಡಿಸಿ. ಇನ್ನೊಂದು ಮೋಸವೂ ಇದೆ: ಬಾಯಿ ಪೂರ್ತಿ ತೆರೆಯುವ ಮೊದಲೇ ಕಾಲು, ಮೈ ಹೊರಬಂದುಬಿಡಬಹುದು, ಆಮೇಲೆ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ದಿನ ತುಂಬದ ಮಗುವಿನಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅದರ ಮೈ ಸಣ್ಣದು, ತಲೆ ದೊಡ್ಡದು. ಪಾದ ಕಂಡಿತೆಂದು "ಮುಕ್ಕಮ್ಮಾ" ಎನ್ನಬೇಡಿ.

ಬಾಯಿ ಪೂರ್ತಿ ತೆರೆದು ಅಂಡು ಇಳಿಯತೊಡಗಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಎಳೆದರೆ ಮಗುವಿನ ಕೈಗಳು ತಲೆಯ ಪಕ್ಕಕ್ಕೆ ಏರುತ್ತವೆ, ಗಲ್ಲ ಎದೆಯಿಂದ ಮೇಲೇಳುತ್ತದೆ, ತಲೆ ಅಗಲವಾಗಿ ಕೂರುತ್ತದೆ. ಬ್ರೀಚ್‌ನಲ್ಲಿ ಕೆಡುವುದರಲ್ಲಿ ಬಹಳಷ್ಟು ಅವಸರದ ಕೈಯಿಂದಲೇ ಕೆಡುವುದು. ಅಂಡು ಇಳಿಯುವಾಗ ಕೀಲೆಣ್ಣೆಯಂಥ ಹಸಿರುಗಪ್ಪು ಮಲ ಪಿಚಕ್ಕನೆ ಬರುತ್ತದೆ. ಹೊಟ್ಟೆ ಒತ್ತಿಕೊಂಡದ್ದರಿಂದ ಹಾಗೆ, ಅದೊಂದನ್ನೇ ನೋಡಿ ಹೆದರಬೇಡಿ.

ತಾಯಿ ಅಂಗಾತ ಮಂಚದ ಅಂಚಿಗೆ ಬಂದಿದ್ದರೆ ಮಗುವಿನ ಬೆನ್ನು ಸೂರಿನ ಕಡೆ ಇರಬೇಕು. ಕೈಕಾಲೂರಿ ಬಾಗಿದ್ದರೆ ಮಗುವಿನ ಹೊಟ್ಟೆ ನಿಮ್ಮತ್ತ ಕಾಣಬೇಕು. ಮೊದಲ ಸಲ ನೋಡುವವರು ಇದನ್ನು ತಪ್ಪೆಂದುಕೊಂಡು ತಿರುಗಿಸಹೋಗುತ್ತಾರೆ. ಹಿಡಿಯಲೇಬೇಕಾದರೆ ಒಣ ಬಟ್ಟೆ ಸುತ್ತಿ ಸೊಂಟದ ಮೂಳೆಯನ್ನು ಮಾತ್ರ ಹಿಡಿಯಿರಿ, ಹೆಬ್ಬೆರಳುಗಳು ಬೆನ್ನಿನ ಬುಡದಲ್ಲಿರಲಿ. ಹೊಟ್ಟೆ ಹಿಡಿದರೆ ಒಳಗಿನ ಯಕೃತ್ತಿಗೇ (ಲಿವರ್) ಪೆಟ್ಟು.

ಭುಜದೆಲುಬು ಕಂಡರೂ ಮೊಣಕೈ ಕಾಣದಿದ್ದರೆ ಕೈ ಮೇಲೇರಿದೆ ಎಂದರ್ಥ. ತಾಯಿ ಅಂಗಾತ ಇದ್ದಾಗ, ಸೊಂಟ ಹಿಡಿದು, ಬೆನ್ನು ಮೇಲಾಗಿಯೇ ಇಟ್ಟು ಅರ್ಧ ಸುತ್ತು ತಿರುಗಿಸಿ. ಮುಂದೆ ಬಂದ ಕೈಯನ್ನು ಮೊಣಕೈಯಲ್ಲಿ ಮಡಿಸಿ ಎದೆಯ ಮೇಲಿಂದ ಇಳಿಸಿ. ಮತ್ತೆ ಹಿಂದಕ್ಕೆ ಅರ್ಧ ಸುತ್ತು, ಇನ್ನೊಂದು ಕೈ. ನಾರ್ವೆಯ ಲೋವ್‌ಸೆಟ್ ಹೆಸರಿನಲ್ಲಿರುವ ವರಸೆ ಇದು.

ಕತ್ತಿನ ಹಿಂಬದಿಯ ಕೂದಲಂಚು ಕಾಣುವವರೆಗೆ ತಲೆಗೆ ಕೈ ಹಾಕಬೇಡಿ. ಕಂಡಮೇಲೆ ಮಗುವನ್ನು ಮುಂಗೈ ಮೇಲೆ ಮಲಗಿಸಿಕೊಂಡು ಎರಡು ಬೆರಳು ಕೆನ್ನೆಮೂಳೆಗಳ ಮೇಲೆ, ಇನ್ನೊಂದು ಕೈಯ ನಡುಬೆರಳು ಹಿಂದಲೆಗೆ. ಗಲ್ಲ ಎದೆಗೆ ಬಾಗಬೇಕು, ಅಷ್ಟೇ. ಜೊತೆಗಿರುವವರು ತಾಯಿಯ ಕಿಬ್ಬೊಟ್ಟೆಯನ್ನು ಮೂಳೆಯ ಮೇಲಂಚಿನಲ್ಲಿ ಒತ್ತಲಿ. ಮಗುವಿನ ಮೈಯನ್ನು ಮೇಲಕ್ಕೆ ಬಗ್ಗಿಸಬೇಡಿ, ಕತ್ತು ಮುರಿಯಬಹುದು. ತಲೆ ಫಟ್ಟನೆ ಬಂದರೆ ಮಿದುಳಲ್ಲಿ ರಕ್ತಸ್ರಾವ ಆಗಬಹುದು, ನಿಧಾನವಾಗಿ ಬರಲಿ.

ನಿಧಾನಕ್ಕೂ ಗಡಿಯಾರವಿದೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2017ರ ಮಾರ್ಗಸೂಚಿಯಂತೆ, ಅಂಡು ಬಂದು 5 ನಿಮಿಷ ಅಥವಾ ಹೊಕ್ಕುಳು ಬಂದು 3 ನಿಮಿಷ ದಾಟಿಯೂ ತಲೆ ಬರದಿದ್ದರೆ ಕೈ ಹಾಕಲೇಬೇಕು. 2000ದಲ್ಲಿ, ಬ್ರೀಚ್ ಮಗುವಿಗೆ ಸಿಸೇರಿಯನ್ನೇ ಹೆಚ್ಚು ಸುರಕ್ಷಿತ ಎಂದ ಟರ್ಮ್ ಬ್ರೀಚ್ ಅಧ್ಯಯನ ಬಂದ ಮೇಲೆ ಸಿಸೇರಿಯನ್ನೇ ರೂಢಿಯಾಗಿ ಈ ಕೈಚಳಕ ಆಸ್ಪತ್ರೆಗಳಲ್ಲೂ ಅಪರೂಪವಾಗಿದೆ. ಗೊಂಬೆ ಮತ್ತು ಸೊಂಟದ ಮಾದರಿ ಇಟ್ಟುಕೊಂಡು ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಮಾಡಿಸಬೇಕೆಂದು ಕೇಳಿ, ಬಿಡಬೇಡಿ.

ಬ್ರೀಚ್ ಮಗು ಹುಟ್ಟುತ್ತಲೇ ಸಪ್ಪಗಿರುವುದು ಸಾಮಾನ್ಯ. ಬ್ಯಾಗ್-ಮಾಸ್ಕ್ ಮೊದಲೇ ಹೊರಗಿರಲಿ. ಒರೆಸಿ, ಬೆನ್ನು ತೀಡಿದರೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಗಾಳಿ ಕೊಡಿ, ನಿಮಿಷಕ್ಕೆ 40-60 ಸಲ.

ಸೊಂಟದ ಕೀಲು ತಪ್ಪಿರುವ ಸಂಭವ ಈ ಮಕ್ಕಳಲ್ಲಿ ಹೆಚ್ಚು. 6ನೇ ವಾರದ ಹೊತ್ತಿಗೆ ಸೊಂಟದ ಸ್ಕ್ಯಾನ್ ಆಗಬೇಕು. ಅಲ್ಲಿಯವರೆಗೆ ನೀರೆರೆದ ಮೇಲೆ ಕಾಲೆರಡನ್ನೂ ನೆಟ್ಟಗೆ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತಬಾರದೆಂದು ಅಜ್ಜಿಗೆ ಹೇಳಿ. ಕಪ್ಪೆಯ ಹಾಗೆ ತೊಡೆ ಅಗಲವಾಗಿರಲಿ.