ಒಂದು ಖಾಲಿ ಕ್ಯಾನ್

ಇವತ್ತು ಹಾಫ್-ಲೈಫ್ 2 ಮತ್ತೆ ಶುರು ಮಾಡ್ದೆ, 2004ರ ಗೇಮು. ರೈಲ್ವೆ ಸ್ಟೇಷನ್ನಲ್ಲಿ ಒಬ್ಬ ಪೊಲೀಸ್ ಬೇಕಂತಲೇ ಕ್ಯಾನ್ ಬೀಳಿಸಿ, ಎತ್ತಿ ಕಸದ ಡಬ್ಬಿಗೆ ಹಾಕು ಅಂತಾನೆ. ನಮ್ ಕೈಯಲ್ಲಿ ಗನ್ನೂ ಇಲ್ಲ. ಹಾಕಬಹುದು, ಇಲ್ಲಾ ಅವನ ಮೇಲೇ ಎಸೀಬಹುದು, ಎಸೆದ್ರೆ ಅಟ್ಟಿಸ್ಕೊಂಡು ಬಂದು ಬಾರಿಸ್ತಾನೆ. ಆ ಊರಲ್ಲಿ ಜನ ಹೆಂಗೆ ಬದುಕ್ತಿದಾರೆ ಅಂತ ಅಷ್ಟರಲ್ಲೇ ಗೊತ್ತಾಗ್ಬಿಡತ್ತೆ, ಕಟ್‌ಸೀನ್ (ನಾವು ಆಡದೇ ಬರೀ ನೋಡೋ ದೃಶ್ಯ) ಬೇಡ, ಯಾರೂ ಕೂತು ವಿವರಿಸ್ಬೇಕಿಲ್ಲ, ಎಲ್ಲಾ ನಮ್ ಕೈಯಿಂದಲೇ ಆಗತ್ತಲ್ಲ ಅದಕ್ಕೇ ಅಷ್ಟು ನಾಟೋದು.

ಆದ್ರೆ ನಾವು ಆಡೋ ಪಾತ್ರ ಗಾರ್ಡನ್ ಬಾಯೇ ಬಿಡಲ್ಲ ಅನ್ನೋದು ನಂಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಇದೇ ಕಥೆ ಮುಂದುವರಿಸೋ 2007ರ ಎಪಿಸೋಡ್ ಟೂ ಗೇಮಿನ ಕೊನೇಲಿ (ಆಡದೇ ಇರೋರು ಇಲ್ಲಿಗೇ ನಿಲ್ಲಿಸ್ಬಿಡಿ) ಅವನ ಜೊತೆಗಾತಿ ಅಲಿಕ್ಸ್ ಅಪ್ಪನ್ನ ಕಳ್ಕೊಂಡು ಅಳ್ತಿರ್ತಾಳೆ, ಇವನು ಅಲ್ಲೇ ಇದ್ದೂ ಒಂದು ಮಾತಾಡಲ್ಲ. ಬೇರೆ ಕಡೆ ಆ ಮೌನ ಇರೋದ್ರಿಂದಲೇ ನಾನೇ ಅವನು ಅನ್ಸತ್ತೆ, ಇಲ್ಲಿ ಮಾತ್ರ ಅವನು ಯಾರೋ ಪರಕೀಯ. ಅವಳ ಹೆಸರು ಹಿಡಿದು ಕರೆಯೋದಾದ್ರೂ ಬರೀಬೇಕಿತ್ತು.