ಮೋಟಾರಿನ ಗುಂಯ್‌ಗುಡುವಿಕೆ ಮತ್ತು ಹೊಸ ಕಂಟ್ರೋಲರ್

ಕಲಬುರಗಿ, 21 ಏಪ್ರಿಲ್ 2024, ಭಾನುವಾರ

ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಹಳೆಯ ಕಂಟ್ರೋಲರನ್ನು ಕಳಚಿ, ಸೈನ್ ತರಂಗದ ಕಂಟ್ರೋಲರನ್ನು ಇಂದು ಬೆಳಿಗ್ಗೆ ಜೋಡಿಸಿದೆ. ಅಪ್ಪನ ಕೆರೆಯ ಕಡೆಗೆ ಹೋಗಿ ಬರುವಷ್ಟರಲ್ಲಿ, ಹಿಂದಿನ ಚಕ್ರದಿಂದ ಸದಾ ಬರುತ್ತಿದ್ದ ಗುಂಯ್‌ಗುಡುವ ಸದ್ದು ಬಹುಪಾಲು ಅಡಗಿರುವುದು ಖಚಿತವಾಯಿತು. ಈಗ ಕಿವಿಗೆ ಮೊದಲು ಬೀಳುವುದು ಟೈರು ರಸ್ತೆಗೆ ಉಜ್ಜುವ ಸದ್ದು.

ಬೇಸಿಗೆಯಲ್ಲಿ ನಮ್ಮ ಓಣಿಯ ಅನೇಕರು ಮಾಳಿಗೆಯ ಮೇಲೆ ಮಲಗುತ್ತಾರೆ. ಸೆಕೆಗೆ ನಡುರಾತ್ರಿಯವರೆಗೆ ಹೊರಳಾಡಿ, ನಸುಕಿನ ತಂಪಿಗೆ ಕಣ್ಣು ಮುಚ್ಚಿದವರನ್ನು ನನ್ನ ಸೈಕಲ್ಲು ಎಬ್ಬಿಸಬಾರದೆಂಬುದೇ ಈ ಕೆಲಸಕ್ಕೆ ಕಾರಣ.

ಸದ್ದು ಎಲ್ಲಿಂದ ಹುಟ್ಟುತ್ತದೆಂದು ತಿಳಿಯುವುದು ಕಷ್ಟವಲ್ಲ. ಎಕ್ಸಲೇಟರ್ ಬಿಟ್ಟ ಕೂಡಲೇ ನಿಂತು, ಏರಿನಲ್ಲಿ ಹೆಚ್ಚುವ ಸದ್ದು ವಿದ್ಯುತ್ತಿನ ಎಳೆತದಿಂದ ಬರುವಂಥದ್ದು. ಬಿಟ್ಟ ಮೇಲೂ ಚಕ್ರದ ಜೊತೆಗೇ ಉರುಳುವ ಸದ್ದನ್ನು ಬೇರಿಂಗಿನಲ್ಲಿ ಹುಡುಕಬೇಕು. ನನ್ನದು ಮೊದಲ ಬಗೆಯದು. ಸೈಕಲ್ ದುರಸ್ತಿ ಮಾಡುವ ಹುಡುಗನೂ ಒಮ್ಮೆ ಓಡಿಸಿ ನೋಡಿ, "ಮಾಸ್ತರ್, ಮೋಟಾರ್ ಬಿಚ್ಚೋದು ಬ್ಯಾಡ್ರಿ, ಮೊದಲ ಕಂಟ್ರೋಲರ್ ನೋಡ್ರಿ" ಎಂದಿದ್ದ. ಅವನ ಮಾತು ಸರಿಯಾಗಿತ್ತು.

ಚಕ್ರದ ನಡುವಿನ ಗುಂಬದಲ್ಲೇ, ಅಂದರೆ ಹಬ್ಬಿನಲ್ಲೇ, ಕೂತಿರುವ ಈ ಹಬ್ ಮೋಟಾರಿನಲ್ಲಿ ಗಿಯರುಗಳಿಲ್ಲ. ಅಚ್ಚಿಗೆ ಬಿಗಿದ ತಾಮ್ರದ ಸುರುಳಿಗಳ ಸುತ್ತ 46 ಅಯಸ್ಕಾಂತಗಳ ಬಳೆ ತಿರುಗುತ್ತದೆ. ಅಂದರೆ ಚಕ್ರದ ಒಂದು ಸುತ್ತಿಗೆ ವಿದ್ಯುತ್ತಿನ 23 ಆವರ್ತಗಳಾಗುತ್ತವೆ. ಹಳೆಯ ಚೌಕ ತರಂಗದ ಕಂಟ್ರೋಲರ್ ಪ್ರತಿ ಆವರ್ತದಲ್ಲಿ 6 ಬಾರಿ ಪ್ರವಾಹವನ್ನು ಒಂದು ಜೋಡಿ ಸುರುಳಿಯಿಂದ ಇನ್ನೊಂದಕ್ಕೆ ಥಟ್ಟನೆ ಹೊರಳಿಸುತ್ತದೆ, ಹೊರಳಿಸಿದಾಗಲೆಲ್ಲ ತಿರುಚುಬಲ ಕುಗ್ಗಿ ಮತ್ತೆ ಜಿಗಿಯುತ್ತದೆ. 26 ಇಂಚಿನ ಚಕ್ರ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 3.35 ಸುತ್ತು ತಿರುಗುವುದರಿಂದ, ಲೆಕ್ಕ ಹಾಕಿದರೆ ಸೆಕೆಂಡಿಗೆ 460ರಷ್ಟು ಕುಲುಕುಗಳಾಗುತ್ತವೆ. ಇದು ಮನುಷ್ಯನ ಕಿವಿಗೆ ಸ್ಪಷ್ಟವಾಗಿ ಕೇಳುವ ಸ್ವರ. ಹಬ್ಬಿನ ಅಗಲವಾದ ಅಲ್ಯೂಮಿನಿಯಂ ಮುಚ್ಚಳಗಳು ಅದನ್ನು ಹಲಗೆ ವಾದ್ಯದ ಚರ್ಮದಂತೆ ಹಿಗ್ಗಿಸಿ ಹೊರಗೆ ಬಿಡುತ್ತವೆ.

ಸೈನ್ ತರಂಗದ ಕಂಟ್ರೋಲರ್ ಸುರುಳಿಗಳ ಮೂರೂ ಗುಂಪುಗಳಲ್ಲಿ ಪ್ರವಾಹವನ್ನು ನಯವಾಗಿ ಏರಿಳಿಸುವುದರಿಂದ ಆ ಜಿಗಿತ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೂ ನಿಂತಲ್ಲಿಂದ ಹೊರಡುವಾಗ ಕ್ಷಣಕಾಲ ಹಳೆಯ ಗುರುಗುಟ್ಟುವಿಕೆ ಕೇಳುತ್ತದೆ. ಏಕೆಂದರೆ ಅಯಸ್ಕಾಂತಗಳು ಎಲ್ಲಿವೆಯೆಂದು ಗುರುತಿಸುವ ಹಾಲ್ ಸೆನ್ಸರುಗಳು ಒಂದು ಆವರ್ತದಲ್ಲಿ 6 ಸ್ಥಾನಗಳನ್ನಷ್ಟೇ ತಿಳಿಸುತ್ತವೆ. ನಡುವಿನ ಸ್ಥಾನಗಳನ್ನು ಕಂಟ್ರೋಲರ್ ವೇಗದಿಂದ ಅಂದಾಜಿಸಬೇಕು, ವೇಗವೇ ಇಲ್ಲದಾಗ ಆ ಅಂದಾಜು ಸಾಧ್ಯವಿಲ್ಲ. ಹೊಸ ಕಂಟ್ರೋಲರಿನಲ್ಲಿ ಗರಿಷ್ಠ ವೇಗವೂ ತುಸು ಇಳಿದಿದೆ. ನೋಂದಣಿಯ ಅಗತ್ಯವಿಲ್ಲದ 250 ವಾಟಿನ ಸೈಕಲ್ಲಿಗೆ 25 ಕಿ.ಮೀ.ಯೇ ಮಿತಿಯಾಗಿರುವಾಗ ಅದು ನನಗೆ ನಷ್ಟವೆನಿಸುವುದಿಲ್ಲ.

ಜೋಡಣೆಯಲ್ಲಿ ಎಚ್ಚರ ಬೇಕಾದದ್ದು ತಂತಿಗಳ ಕ್ರಮದಲ್ಲಿ. ಮೋಟಾರಿನ ಸುರುಳಿಗಳಿಗೆ ಹೋಗುವ ಮೂರು ದಪ್ಪ ತಂತಿಗಳಿಗೂ ಹಾಲ್ ಸೆನ್ಸರಿನ ಹಳದಿ, ಹಸಿರು, ನೀಲಿ ತಂತಿಗಳಿಗೂ ಬಣ್ಣ ಹೊಂದಿದ ಮಾತ್ರಕ್ಕೆ ಕ್ರಮ ಹೊಂದಿತೆಂದು ಹೇಳಲಾಗದು; ತಪ್ಪಾದರೆ ಮೋಟಾರು ಒರಟಾಗಿ ಅದುರಿ ಹೆಚ್ಚು ಕರೆಂಟು ಎಳೆಯುತ್ತದೆ. ಈ ಕಂಟ್ರೋಲರಿನಲ್ಲಿರುವ ಸ್ವಯಂ ಕಲಿಕೆಯ ತಂತಿಗಳನ್ನು ಕೂಡಿಸಿ, ಚಕ್ರವನ್ನು ನೆಲದಿಂದ ಎತ್ತಿ ಹಿಡಿದಾಗ ಕಂಟ್ರೋಲರ್ ತಾನೇ ಸರಿಯಾದ ಕ್ರಮವನ್ನು ಕಂಡುಕೊಂಡಿತು.

ಸದ್ದು ಅಡಗಿಸಲು ಮೋಟಾರಿಗೋ ಕಂಟ್ರೋಲರಿಗೋ ಸ್ಪಂಜು ಸುತ್ತುವ ಸಲಹೆ ಕೆಲವರಿಂದ ಬಂದಿತ್ತು. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಅದನ್ನು ಯಾರೂ ಮಾಡಕೂಡದು. ಸುರುಳಿಯ ಶಾಖ ಹೊರಹೋಗುವುದು ಹಬ್ಬಿನ ಮೈಯಿಂದಲೇ. ಅದನ್ನು ತಡೆದರೆ ಸೆನ್ಸರೂ ಅಯಸ್ಕಾಂತವೂ ಹಾಳಾಗಬಹುದು. ಬದಲಿಗೆ ಬ್ಯಾಟರಿ ಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ ಹಳೆಯ ಟ್ಯೂಬಿನ ತುಂಡುಗಳನ್ನಿಟ್ಟು ಬಿಗಿದೆ, ಅಲ್ಲಿಯ ಗಡಗಡ ನಿಂತಿತು.

ಗಿಯರಿರುವ ಸಣ್ಣ ಹಬ್ಬುಗಳ ವಿಷಯ ಬೇರೆ. ಅವುಗಳಲ್ಲಿ ನೈಲಾನ್ ಗಿಯರಿನ ಹಲ್ಲು ಸವೆದಿರುವುದೋ ಗ್ರೀಸು ಒಣಗಿರುವುದೋ ಸದ್ದಿಗೆ ಕಾರಣವಾಗಿರಬಹುದು, ಆಗ ಬಿಚ್ಚಿ ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸನ್ನೇ ಹಚ್ಚಬೇಕು.

ಸಂಜೆ ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹಿಸುಕಿ ನೋಡಿದಾಗ ಬಲಬದಿಯ ಕೆಲವು ಸಡಿಲವಾಗಿದ್ದವು. ನಾಳೆ ಅವುಗಳನ್ನು ಬಿಗಿದು, ಮುಚ್ಚಳದ ತಿರುಪುಗಳನ್ನು ಎದುರುಬದುರಾಗಿ ಸಮನಾಗಿ ತಿರುಗಿಸಿ, ಏರಿನಲ್ಲಿ ಉಳಿದಿರುವ ಸಣ್ಣ ಗುಂಯ್‌ಕಾರ ಇನ್ನೆಷ್ಟು ಇಳಿಯುತ್ತದೆಂದು ನೋಡುವೆ.